ಒಂಟೆ ಹಾಲಿಗೆ ಬೆಣ್ಣೆ ಬರುವುದಿಲ್ಲ

ಒಂಟೆಯ ಹಾಲನ್ನು ಎಷ್ಟು ಕುಲುಕಿದರೂ ಬೆಣ್ಣೆ ಬರುವುದಿಲ್ಲ. ನಮ್ಮ ಊರು ಕುಬಿ ದೀಮಾದಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಇದು ಗೊತ್ತು. ತಲಾಸೊಗೂ ಗೊತ್ತಿತ್ತು. ಆದರೂ ಅವಳು ಒಂದು ದಿನ ಬೆಳಗಿನಿಂದ ಬಿಸಿಲು ನೆತ್ತಿಗೆ ಬರುವವರೆಗೂ ಸೋರೆಬುರುಡೆಯನ್ನು ಮಡಿಲಲ್ಲಿಟ್ಟುಕೊಂಡು ಕುಲುಕುತ್ತಲೇ ಕೂತಿದ್ದಳು. ನಾನು ಅರ್ಬೆ, ಪಕ್ಕದ ಮನೆಯವಳು. ಬೇಲಿಯಾಚೆಯಿಂದ ಆ ಚಳಪಳ ಸದ್ದು ಕೇಳಿ ಕೇಳಿ ತಲೆ ಚಿಟ್ಟು ಹಿಡಿದು ಎದ್ದು ಹೋದೆ.

"ಏನಕ್ಕಾ ಇದು? ತೋಳು ಬಿದ್ದುಹೋಗುತ್ತೆ. ಏನು ಬರುತ್ತೆ ಅಂತ ಕುಲುಕ್ತಾ ಇದ್ದೀಯ?"

"ಬೆಣ್ಣೆ."

"ಒಂಟೆ ಹಾಲಲ್ಲಾ?"

"ಹಾಲು ಅಂದಮೇಲೆ ಒಳಗೆ ಎಲ್ಲೋ ಬೆಣ್ಣೆ ಇರಲೇಬೇಕು ಅರ್ಬೆ. ಬಚ್ಚಿಟ್ಟುಕೊಂಡಿದೆ. ಥೇಟ್ ನಮ್ಮ ಭಾವನ ಹಂಗೆ, ಇದ್ದರೂ ಕೊಡಲ್ಲ."

ಒಳಗಿನಿಂದ ಸೊಸೆ ದಾರ್ಮಿ ಕಿಸಕ್ಕನೆ ನಕ್ಕಳು. ತಲಾಸೊ ಮುಚ್ಚಳ ತೆಗೆದು ನೋಡಿದಳು. ನೊರೆ. ಬರೀ ನೊರೆ. ಹಾಲು ಚೆಲ್ಲುವುದು ನಮ್ಮಲ್ಲಿ ಪಾಪ, ಇಲ್ಲದಿದ್ದರೆ ಅವತ್ತು ಅದನ್ನು ಬೇಲಿಯ ಮೇಲೆ ಎರಚಿಬಿಡುತ್ತಿದ್ದಳು. ಸೊಸೆಯನ್ನು ಕರೆದು ಬುರುಡೆಯನ್ನು ಅವಳ ಕೈಗೆ ತುರುಕಿ, "ಕುಡಿ. ನಕ್ಕಿದ್ದಕ್ಕೆ ಪೂರ್ತಿ ನೀನೇ ಕುಡಿ" ಎಂದಳು.

ಬೆಣ್ಣೆ ಬೇಕಾಗಿದ್ದದ್ದು ಮೊಮ್ಮಗನ ಹೆಸರಿಗೆ. ಚೊಚ್ಚಲ ಗಂಡುಮಗುವಿಗೆ ಹೆಸರಿಡುವಾಗ ನಾವು ಬೋರನರು ಕಾಫಿ ಕೊಯ್ಯುತ್ತೇವೆ. ಗಿಡದಿಂದ ಕೊಯ್ಯುವುದಲ್ಲ, ಕುರಿ ಕೊಯ್ಯುವ ಹಾಗೆ ಕೊಯ್ಯುವುದು. ಒಣಗಿದ ಇಡೀ ಕಾಫಿಹಣ್ಣಿನ ತುದಿಯನ್ನು ಹಲ್ಲಿನಿಂದ ಕಚ್ಚಿ ತೆಗೆದು, ಹಸುವಿನ ಬೆಣ್ಣೆಯಲ್ಲಿ ಹುರಿದು, ಅದು ಚಟಪಟ ಸಿಡಿದಾಗ ಹಾಲು ಸುರಿದು, ಮರದ ಬಟ್ಟಲಿನಲ್ಲಿ ಮನೆತನದ ಹಿರಿಯನ ಕೈಗೆ ಕೊಡಬೇಕು. ಬಟ್ಟಲು ಹಿಡಿದು ಹಿರಿಯ ಏನು ಹೇಳುತ್ತಾನೋ ಅದರ ಕೊನೆಯ ಮಾತನ್ನು ಕೂತವರೆಲ್ಲ ಒಟ್ಟಿಗೆ ಮರುನುಡಿಯುತ್ತಾರೆ. ಬಟ್ಟಲಿನ ಮೇಲೆ ಆಡಿದ ಮಾತು ಅಲ್ಲಿಗೆ ಗಟ್ಟಿಯಾಯಿತು, ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಅಲ್ಲಿಯವರೆಗೆ ಮಗುವಿಗೆ ಹೆಸರಿಲ್ಲ, ಅದು ಬರೀ ಮಗು.

ತಲಾಸೊ ಆ ಮಗುವಿಗೆ ಬಯಸಿದ್ದ ಹೆಸರು ಲಿಬಾನ್. ಅವಳ ಗಂಡನ ಹೆಸರು. ಅವನು ದೊಡ್ಡ ಬರದಲ್ಲಿ ಹಸುಗಳನ್ನು ಹೊಡೆದುಕೊಂಡು ದೂರದ ಬಾವಿಗಳ ಕಡೆಗೆ ಹೋದವನು, ಅಲ್ಲೇ ಜ್ವರ ಬಂದು ಹಸುಗಳಿಗಿಂತ ಮೊದಲು ತಾನೇ ಸತ್ತ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಅವನು ಬದುಕಿದ್ದಾಗಲೂ ಇಲ್ಲ, ಸತ್ತಮೇಲೂ ಇಲ್ಲ. ಅವಳು ಒಂದೇ ಒಂದು ಸಲ ನನ್ನ ಹತ್ತಿರ ಮನಸ್ಸು ಬಿಚ್ಚಿ ಹೇಳಿದ್ದಳು. "ನಾನಂತೂ ಕರೆಯೋ ಹಂಗಿಲ್ಲ. ಬೇರೆಯವರಾದರೂ ಈ ಅಂಗಳದಲ್ಲಿ ನಿಂತು ಆ ಹೆಸರನ್ನ ಜೋರಾಗಿ ಕೂಗಬೇಕು ಅರ್ಬೆ. ಬಾರೋ ಅಂತ ಬೈದು ಕೂಗಬೇಕು. ನಾನು ಒಳಗೆ ಕೂತು ಕೇಳಿಸಿಕೋಬೇಕು. ಇನ್ನೇನೂ ಬೇಡ ನನಗೆ." ಅಷ್ಟೇ ಅವಳ ಆಸೆ. ಅಷ್ಟು ಸಣ್ಣ ಆಸೆಗೆ ಅವಳನ್ನು ಇವರೆಲ್ಲ ಕುಣಿಸಿದ ಕುಣಿತ ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಹಸು ಕಟ್ಟುವವರ ಮನೆಯಲ್ಲಿ ಬೆಣ್ಣೆಗೇನು ಬರ ಎಂದು ಕೇಳಬಹುದು. ಅವಳ ಮನೆಯಲ್ಲಿ ಹಸುವೇ ಇರಲಿಲ್ಲ. ಗಂಡ ಸತ್ತಮೇಲೆ ಉಳಿದಿದ್ದ ನಾಲ್ಕಾರು ಬಡಕಲು ಹಸುಗಳನ್ನು ಅವಳೇ ಮಾರಿ ಒಂಟೆಗಳನ್ನು ತಂದಿದ್ದಳು. ಆಗ ಅವಳ ಗಂಡನ ಅಣ್ಣ ಜಲ್ದೆಸಾ ಊರಿಗೆಲ್ಲ ಕೇಳಿಸುವ ಹಾಗೆ ಕೂಗಾಡಿದ. ಅವನೇ ಮನೆತನದ ಹಿರಿಯ, ಬಟ್ಟಲು ಹಿಡಿಯಬೇಕಾದವನು.

"ನನ್ನ ತಮ್ಮನ ಬಾಗಿಲಲ್ಲಿ ಆ ಉದ್ದ ಕತ್ತಿನದಾ? ನಾವು ಬೋರನರು! ಹಸು ಕಟ್ಟೋರು! ಆ ಒಂಟೆ ಕಟ್ಟೋ ಗಬ್ರಾದವರು ನಗಲ್ವಾ?"

"ನಗಲಿ ಭಾವ. ಹುಲ್ಲು ಹೋಗಿ ಬರೀ ಮುಳ್ಳು ಬಂದಿದೆ. ಹಸು ಮುಳ್ಳು ತಿನ್ನಲ್ಲ, ಒಂಟೆ ತಿನ್ನುತ್ತೆ. ಇದಕ್ಕೆ ಪಂಚಾಯ್ತಿ ಯಾಕೆ?"

ಆವತ್ತಿನಿಂದ ಜಲ್ದೆಸಾನ ಬಾಯಲ್ಲಿ ಒಂಟೆ ಎಂಬ ಮಾತು ಬಂದದ್ದನ್ನು ನಾವು ಯಾರೂ ಕೇಳಲಿಲ್ಲ. 'ಉದ್ದ ಕತ್ತಿನದು' ಎನ್ನುತ್ತಿದ್ದ, ಇಲ್ಲವೇ 'ಅದು' ಎಂದು ಗದ್ದ ಎತ್ತಿ ತೋರಿಸುತ್ತಿದ್ದ. ಊರಿನ ಕೂಟಗಳಲ್ಲಿ ಬೆಣ್ಣೆಯಿಲ್ಲದ ಬರೀ ಕಾಫಿಯ ಬಟ್ಟಲು ಹಿಡಿದಾಗಲೆಲ್ಲ ಹಸುವಿಗೆ ಹರಸುತ್ತಿದ್ದ, ಕರುವಿಗೆ, ಆಡಿಗೆ, ಮಳೆಗೆ, ಬಾವಿಗೆ, ಹೊಸದಾಗಿ ಬಂದ ಡಾಂಬರು ರಸ್ತೆಗೂ ಹರಸುತ್ತಿದ್ದ. ಒಂಟೆಗೆ ಮಾತ್ರ ಇಲ್ಲ. ತಲಾಸೊ ಹೆಂಗಸರ ಸಾಲಿನಿಂದ ಪ್ರತಿ ಸಲ ಕೇಳುತ್ತಿದ್ದಳು, "ಭಾವ, ನಮ್ಮ ಒಂಟೆಗೂ ಒಂದು ಮಾತು ಹೇಳಿ." ಅವನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಆದರೆ ಊರಿನ ಒಲೆ ಉರಿಯುತ್ತಿದ್ದದ್ದು ಆ ಉದ್ದ ಕತ್ತಿನದರಿಂದಲೇ. ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕರೆಯುತ್ತಿದ್ದ ತಲಾಸೊ, ಒಂದು ಕಾಲೆತ್ತಿ ತೊಡೆಯ ಮೇಲೆ ಪಾತ್ರೆಯಿಟ್ಟು ಒಂಟಿಕಾಲಲ್ಲಿ ನಿಂತು ಕರೆಯುವುದನ್ನು ಕಲಿತಳು. ಕಲಿಯುವಾಗ ಒದೆ ತಿಂದಳು, ಬಿದ್ದಳು, ಒಂಟೆಯ ತಾಯಿಯನ್ನೂ ಅಜ್ಜಿಯನ್ನೂ ಸೇರಿಸಿ ಬೈದಳು. ನೋಡಿ ನೋಡಿ ನಾವೂ ಒಬ್ಬೊಬ್ಬರಾಗಿ ಒಂಟೆ ಕಟ್ಟಿದೆವು. ಬೆಳಿಗ್ಗೆ ಲಾರಿ ಬಂದರೆ ಹಾಲು ಇಸಿಯೊಲೊ ಪೇಟೆಗೆ, ಅಲ್ಲಿಂದ ಬಸ್ಸಿನ ತಲೆಯ ಮೇಲೆ ನೈರೋಬಿಗೆ. ನನ್ನ ತಾಯಿ ಹಾಲು ಮಾರುವುದೆಂದರೆ ಮೈ ಮಾರಿದಷ್ಟೇ ನಾಚಿಕೆ ಎಂದುಕೊಂಡಿದ್ದವಳು. ಈಗ ನಮ್ಮ ಮನೆಗೆ ನೆಂಟರು ಬಂದರೆ, "ಅಯ್ಯೋ, ಹಾಲು ಲಾರಿಗೆ ಹೋಯ್ತಲ್ಲ" ಎಂದು ಕರಿ ಟೀ ಕೊಡುತ್ತೇವೆ. ಕೊಡುವಾಗ ನನ್ನ ಮುಖ ನನಗೇ ಬೇಡವಾಗುತ್ತದೆ. ಹೊಟ್ಟೆ ತುಂಬಿದೆ, ಸುಳ್ಳು ಹೇಳಬಾರದು. ಹೊಟ್ಟೆ ತುಂಬಿದಮೇಲೂ ಇಷ್ಟು ಕಿರಿಕಿರಿ ಯಾಕೆ ಎಂದು ಯಾರಾದರೂ ಕೇಳಿದರೆ ಇದೇ ನನ್ನ ಉತ್ತರ.

ಇನ್ನು ಜಲ್ದೆಸಾನ ಹೆಂಡತಿ ಲೊಕೊ. ಅವಳು ದಿನವೂ ಸಂಜೆ ಸೆರಗಿನಡಿ ಒಂದು ಡಬ್ಬಿ ಮುಚ್ಚಿಕೊಂಡು ತಲಾಸೊ ಮನೆಗೆ ಬರುತ್ತಿದ್ದಳು. "ಆಡಿನ ಮರಿಗೆ ಸ್ವಲ್ಪ ಹಾಲು ಹಾಕು ತಲಾಸೊ" ಎನ್ನುತ್ತಿದ್ದಳು. ಅವರ ಹಟ್ಟಿಯಲ್ಲಿ ಮರಿಗಳೇ ಇರಲಿಲ್ಲ. ತಲಾಸೊ ಡಬ್ಬಿ ತುಂಬಿಸಿ ಕೊಡುತ್ತ, "ಆ ಮುದಿ ಆಡಿನ ಮರಿಗೆ ಗಡ್ಡ ಬಂದಿದೆಯಂತಲ್ಲ, ಹೌದಾ ಅಕ್ಕಾ?" ಎಂದು ಕೇಳುತ್ತಿದ್ದಳು. ಲೊಕೊ ನಗು ತಡೆಯಲಾರದೆ ಓಡುತ್ತಿದ್ದಳು.

ಮಗು ಹುಟ್ಟಿದಾಗ ತಲಾಸೊ ಮೊದಲು ಹೋದದ್ದು ಜಲ್ದೆಸಾನ ಹತ್ತಿರವೇ.

"ಭಾವ, ನಿಮ್ಮ ಹಸುವಿನ ಬೆಣ್ಣೆ ಒಂದು ಮುಷ್ಟಿ ಕೊಡಿ. ಮಗುವಿಗೆ ಹೆಸರಿಡೋಣ."

"ಹಂಗೆಲ್ಲ ಆಗಲ್ಲ. ಯಾರ ಮನೆಯ ಹೆಸರೋ ಅವರ ಮನೆಯ ಬೆಣ್ಣೆ. ನಿನ್ನ ಕೊಟ್ಟಿಗೆಯ ಬೆಣ್ಣೆ ತಾ, ಬಟ್ಟಲು ಹಿಡೀತೀನಿ."

ಇಂಥ ಕಟ್ಟಳೆಯನ್ನು ನಾನಂತೂ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವನ ಹಸುಗಳ ಕೆಚ್ಚಲು ಒಣಗಿ ಯಾವ ಕಾಲವಾಗಿತ್ತೋ. ಇಲ್ಲ ಎಂದು ಹೇಳಲು ನಾಚಿಕೆ, ಅದಕ್ಕೆ ಕಟ್ಟಳೆ. ನಮ್ಮ ಗಂಡಸರಿಗೆ ಕೈ ಬರಿದಾದಾಗಲೆಲ್ಲ ಒಂದು ಹಳೆಯ ಕಟ್ಟಳೆ ನೆನಪಾಗುತ್ತದೆ.

ತಲಾಸೊ ಸುಮ್ಮನಿರುವವಳಲ್ಲ. ಒಂಟೆ ಹಾಲು ಕುಲುಕಿದ ಕಥೆ ಹೇಳಿದೆ. ಅದಾದಮೇಲೆ ಅಂಗಡಿಯಿಂದ ಅಡುಗೆ ಕೊಬ್ಬಿನ ಡಬ್ಬ ತಂದಳು. ಜಲ್ದೆಸಾ ಮೂಸಿ ನೋಡಿ, "ಇದು ಹಸುವಿನ ಹೊಟ್ಟೆಯಿಂದ ಬಂದದ್ದಲ್ಲ, ತಗಡಿನ ಹೊಟ್ಟೆಯಿಂದ ಬಂದದ್ದು" ಎಂದು ಎದ್ದುಹೋದ. ಆಮೇಲೆ ಲಾರಿ ಡ್ರೈವರ್ ಮುತುಮಾನಿಗೆ ಹೇಳಿ ಪೇಟೆಯಿಂದ ಕಾಗದ ಸುತ್ತಿದ ಬೆಣ್ಣೆಯ ಇಟ್ಟಿಗೆ ತರಿಸಿದಳು. ಅದಕ್ಕೆ ಉಪ್ಪು ಹಾಕಿರುತ್ತಾರೆಂದು ನಮಗೇನು ಗೊತ್ತು? ಹುರಿದ ಕಾಫಿಯನ್ನು ಮೊದಲು ರುಚಿ ನೋಡಿದವಳು ನಾನು. ಕಣ್ಣೀರು ಕುಡಿದ ಹಾಗಿತ್ತು. ಅದನ್ನು ಹಿರಿಯನ ಮುಂದೆ ಇಡಲೇ ಇಲ್ಲ.

ಕೊನೆಗೆ ಅವಳು ಒಂಟೆ ಹಾಲು ಮಾರಿ ಕೂಡಿಟ್ಟಿದ್ದರಲ್ಲಿ ಒಂದು ಹಸು ತಂದಳು. ಹಸು ಮಾರಿ ಒಂಟೆ ತಂದವಳು ಒಂಟೆಯ ಬೆನ್ನ ಮೇಲೆ ಹಸುವನ್ನು ಸಾಕಬೇಕಾಯಿತು. ಅದಕ್ಕೆ ಇಲ್ಲಿ ಹುಲ್ಲಿಲ್ಲ. ಹಾಲು ಇಳಿಸಿ ವಾಪಸ್ಸು ಬರುವ ಲಾರಿಯಲ್ಲಿ ಮೇರು ಗುಡ್ಡದ ಕಡೆಯಿಂದ ಹುಲ್ಲಿನ ಪೆಂಡಿ ಬರುತ್ತಿತ್ತು. ಇಡೀ ಊರಿನಲ್ಲಿ ಲಾರಿಯಲ್ಲಿ ಊಟ ತರಿಸಿಕೊಳ್ಳುವವಳು ಆ ಹಸು ಒಬ್ಬಳೇ. ಮಗ ಗಲ್ಗಲೊ ಒಂಟೆಗಳನ್ನು ಮುಳ್ಳುಕಾಡಿಗೆ ಹೊಡೆದುಕೊಂಡು ಹೋಗುವಾಗ ದಿನವೂ ಗೊಣಗುತ್ತಿದ್ದ: "ಅವ್ವಾ, ಇದು ಹಸು ಅಲ್ಲ, ಸೊಸೆ." ದಾರ್ಮಿ ಒಳಗಿನಿಂದ, "ನನಗೆ ಯಾರು ಲಾರಿಯಲ್ಲಿ ಊಟ ತರಿಸಿದ್ದಾರೆ?" ಎಂದು ಕೂಗುತ್ತಿದ್ದಳು. ಹಸು ಗಬ್ಬವಾಗಲಿಲ್ಲ. ಆದಾಗ ಕಂದು ಹಾಕಿತು. ಮತ್ತೆ ಕಾಯಬೇಕಾಯಿತು. ಮಗು ತೆವಳಿತು, ನಿಂತಿತು, ಓಡಿತು. ಅದಕ್ಕೆ ಹೆಸರು ಮಾತ್ರ ಇಲ್ಲ.

ಇದರ ನಡುವೆ ಯಾವುದೋ ಕಚೇರಿಯವರು ಕಾರಿನಲ್ಲಿ ಬಂದರು. ಕಾಲಕ್ಕೆ ತಕ್ಕಂತೆ ಬದಲಾದ ಹೆಣ್ಣುಮಗಳು ಎಂದು ತಲಾಸೊಳ ಫೋಟೋ ಬೇಕಂತೆ. ಒಂಟೆಯ ಪಕ್ಕ ನಿಲ್ಲಿಸಿದರು, ನಗು ಎಂದರು. ಆಮೇಲೆ ಅವರಲ್ಲೊಬ್ಬಳು ಹುಡುಗಿ, "ಅಮ್ಮಾ, ಆ ಹಸು ಕಾಣ್ತಾ ಇದೆ. ಅದನ್ನ ಆಚೆ ಕಟ್ಟಬಹುದಾ?" ಎಂದಳು.

"ಯಾಕವ್ವಾ, ಅದೇನು ಮಾಡ್ತು ನಿನಗೆ?"

"ನೀವು ಹಸು ಬಿಟ್ಟು ಒಂಟೆಗೆ ಬಂದಿದ್ದೀರಿ ಅಂತ ಬರೆಯೋದು. ಹಸು ಇದ್ದರೆ ಜನಕ್ಕೆ ಅರ್ಥ ಆಗಲ್ಲ."

"ನನಗೂ ಅರ್ಥ ಆಗಲ್ಲ ಮಗಳೇ. ನಾನೇನು ನನ್ನನ್ನ ಆಚೆ ಕಟ್ಟಿಕೊಂಡಿದ್ದೀನಾ?" ಎಂದಳು ತಲಾಸೊ. ಆದರೂ ಹಸುವನ್ನು ಮನೆಯ ಹಿಂದಕ್ಕೆ ಎಳೆದು ಕಟ್ಟಿದಳು. ಫೋಟೋದಲ್ಲಿ ಅವಳು ನಕ್ಕಿದ್ದಾಳೆ. ಆ ನಗುವಿನ ಹಿಂದೆ ಹಲ್ಲು ಕಡಿಯುತ್ತಿದ್ದದ್ದು ನನಗೆ ಗೊತ್ತು.

ಮಗುವಿನ ವಿಷಯ ಹೇಳಬೇಕು. ಹೆಸರಿಲ್ಲದ ಮಗುವನ್ನು ಏನೆಂದು ಕೂಗುವುದು? ಅದು ಒಂಟೆಮರಿಗಳ ಕಾಲಸಂದಿಯಲ್ಲೇ ಬೆಳೆಯಿತು, ಅವುಗಳ ಕತ್ತಿಗೆ ಜೋತುಬಿದ್ದೇ ನಡೆಯಲು ಕಲಿಯಿತು. ನಮ್ಮ ಮಾತಿನಲ್ಲಿ ಒಂಟೆಗೆ ಗಾಲಾ. ಡ್ರೈವರ್ ಮುತುಮಾ ಮೇರು ಕಡೆಯವನು, ನಮ್ಮ ಮಾತು ಅವನ ನಾಲಿಗೆಗೆ ಸರಿಯಾಗಿ ಹೊರಳುವುದಿಲ್ಲ. ಅವನು ಒಂದು ದಿನ ಲಾರಿ ಹಿಂದಕ್ಕೆ ತೆಗೆಯುವಾಗ, "ಏ ಗಾಲೆ! ದಾರಿ ಬಿಡೋ!" ಎಂದು ಕೂಗಿದ. ಮಗು ತಿರುಗಿ ನೋಡಿ ಹಲ್ಲು ಬಿಟ್ಟಿತು.

ತಲಾಸೊ ಕೋಲು ಹಿಡಿದು ಲಾರಿಯ ಬಾಗಿಲಿಗೆ ಬಂದಳು. "ಇನ್ನೊಂದು ಸಲ ಹಂಗೆ ಕರೆದರೆ ನಾಲಿಗೆ ಕಿತ್ತು ಹಾಲಿನ ಕ್ಯಾನಿಗೆ ಹಾಕ್ತೀನಿ. ಅವನಿಗೆ ಹೆಸರಿದೆ. ಇನ್ನೂ ಇಟ್ಟಿಲ್ಲ ಅಷ್ಟೇ."

"ಇಡೋವರೆಗೆ ಇದನ್ನ ಬಾಡಿಗೆಗೆ ಇಟ್ಟುಕೋ ಅಮ್ಮಾ" ಎಂದ ಅವನು.

ಮಾರನೆಯ ದಿನದಿಂದ ಊರಿನ ಮಕ್ಕಳೆಲ್ಲ ಗಾಲೆ ಎಂದರು. ಲೊಕೊ ಗಾಲೆ ಎಂದಳು. ನಾನೂ ಅಂದೆ, ಏನು ಮಾಡಲಿ, ಏ ಮಗು ಎಂದರೆ ನಾಲ್ಕು ಮನೆಯ ಮಕ್ಕಳು ಓಡಿ ಬರುತ್ತವೆ. ತಲಾಸೊ ಮಾತ್ರ ಬಾಯಿ ಬಿಗಿಹಿಡಿದಿದ್ದಳು. ಒಂದು ಸಲ ಮಗು ಡಾಂಬರು ರಸ್ತೆಯ ಕಡೆಗೆ ಓಡಿತು, ಆಚೆಯಿಂದ ಬಸ್ಸು ಬರುತ್ತಿತ್ತು. ತಲಾಸೊ ಹಾಲಿನ ಪಾತ್ರೆ ಬಿಟ್ಟು, "ಗಾಲೆ!" ಎಂದು ಕಿರುಚಿದಳು. ಮಗು ನಿಂತಿತು. ಅವಳು ಹೋಗಿ ಅದನ್ನು ಎತ್ತಿಕೊಂಡು ಬಂದು, ನನ್ನ ಮುಖ ನೋಡದೆ ಒಳಗೆ ಹೋದಳು. ಚೆಲ್ಲಿದ ಹಾಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಂದು ಅವಳಿಗೆ ಎಷ್ಟು ಸಂಕಟವಾಗಿತ್ತೆಂದು ನನಗೆ ಅದರಿಂದಲೇ ತಿಳಿಯಿತು.

ಕೊನೆಗೂ ಹಸು ಈಯಿತು. ಕರು ಉಳಿಯಿತು. ತಲಾಸೊ ಬೆಣ್ಣೆ ಕೂಡಿಸಿದ ರೀತಿ ನೋಡಬೇಕಿತ್ತು. ಬುರುಡೆಗೆ ಅಕೇಶಿಯ ಕೆಂಡದ ಹೊಗೆ ಕೊಟ್ಟು, ಯಾರನ್ನೂ ಹತ್ತಿರ ಬಿಡದೆ, ತಾನೊಬ್ಬಳೇ ಕುಲುಕಿದಳು. ಮೊದಲ ಉಂಡೆ ತೇಲಿದಾಗ ಬೇಲಿಯ ಮೇಲಿಂದ ನನ್ನನ್ನು ಕರೆದು ತೋರಿಸಿದಳು. "ನೋಡು, ಇದು ಬಚ್ಚಿಟ್ಟುಕೊಳ್ಳಲಿಲ್ಲ."

ಹೆಸರಿಡುವ ದಿನ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲಲ್ಲಿ ಚರ್ಮ ಹಾಸಿದರು. ಕಾಫಿ ಬೆಣ್ಣೆಯಲ್ಲಿ ಸಿಡಿದ ಪರಿಮಳಕ್ಕೆ ದಾರಿಯಲ್ಲಿ ಹೋಗುವವರೂ ಬಂದು ಕೂತರು. ಎಷ್ಟು ವರ್ಷವಾಗಿತ್ತು ಆ ವಾಸನೆ ನಮ್ಮೂರಿನಲ್ಲಿ ಎದ್ದು! ಜಲ್ದೆಸಾ ಬಟ್ಟಲಿಗೆ ಬೆರಳದ್ದಿ ನೆಕ್ಕಿ, ಕಣ್ಣು ಮುಚ್ಚಿದ. ಅವನ ಮೇಲೆ ನನಗೂ ಆ ಗಳಿಗೆ ಕನಿಕರ ಬಂತು.

"ಹಸು ಹೆಚ್ಚಲಿ" ಎಂದ.

"ಹೆಚ್ಚಲಿ" ಎಂದೆವು.

"ಮಳೆ ಬರಲಿ."

"ಬರಲಿ."

"ಭಾವ, ಒಂಟೆಗೂ ಒಂದು ಮಾತು" ಎಂದಳು ತಲಾಸೊ ಹೆಂಗಸರ ಸಾಲಿನಿಂದ, ಎಂದಿನ ಹಾಗೆ. ಅವನು ಎಂದಿನ ಹಾಗೆ ಕೇಳಿಸಿಕೊಳ್ಳಲಿಲ್ಲ.

"ಈ ಮನೆಯ ಮಗುವಿನ ಹೆಸರು ಲಿಬಾನ್."

"ಲಿಬಾನ್."

ತಲಾಸೊ ತಲೆ ತಗ್ಗಿಸಿ ಕೂತಿದ್ದಳು. ನಾನು ಅವಳ ಮೊಣಕೈ ಒತ್ತಿದೆ. ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಮಗುವಿನ ಹಣೆಗೆ ಬಟ್ಟಲಿನ ಬೆಣ್ಣೆ ಮುಟ್ಟಿಸಬೇಕು, ಅಲ್ಲಿಯವರೆಗೆ ಬಟ್ಟಲನ್ನು ಕೆಳಗಿಡುವಂತಿಲ್ಲ, ಹಿರಿಯ ಏಳುವಂತಿಲ್ಲ. ನಡೆಯಬಲ್ಲ ಮಗು ತನ್ನ ಹೆಸರಿಗೆ ತಾನೇ ನಡೆದು ಬರಬೇಕು, ಯಾರೂ ಎತ್ತಿ ತರುವಂತಿಲ್ಲ. ಕೈಕೂಸಾಗಿದ್ದರೆ ತಾಯಿಯ ಮಡಿಲಲ್ಲೇ ಬರುತ್ತಿತ್ತು. ಈಗ ಅದು ಮೂರು ವರ್ಷದ ಪೋರ. ಅಂಗಳದ ಆಚೆ ಒಂಟೆಮರಿಯ ಕಿವಿ ಎಳೆಯುತ್ತ ನಿಂತಿತ್ತು.

"ಲಿಬಾನ್!" ಎಂದು ಕರೆದ ಜಲ್ದೆಸಾ.

"ಲಿಬಾನ್" ಎಂದೆವು ನಾವೆಲ್ಲ. ಬಟ್ಟಲು ಅವನ ಕೈಯಲ್ಲಿದೆ, ಅನ್ನಲೇಬೇಕು.

ಮಗು ತಿರುಗಲಿಲ್ಲ. ತಿರುಗುವುದಾದರೂ ಯಾಕೆ? ಆ ಹೆಸರನ್ನು ಅದು ಕೇಳಿಯೇ ಇರಲಿಲ್ಲ.

"ಲಿಬಾನ್! ಏ ಲಿಬಾನ್!"

"ಲಿಬಾನ್! ಲಿಬಾನ್!"

ಅಷ್ಟು ಜನ ಒಟ್ಟಿಗೆ ಕೂಗಿದ್ದಕ್ಕೆ ಮಗು ಹೆದರಿ ಒಂಟೆಮರಿಯ ಹಿಂದೆ ಅಡಗಿಕೊಂಡಿತು. ಬಟ್ಟಲಿನ ಅಂಚಿನಲ್ಲಿ ಬೆಣ್ಣೆ ಹೆಪ್ಪುಗಟ್ಟುತ್ತಿತ್ತು. ಹೆಪ್ಪುಗಟ್ಟಿದರೆ ಮತ್ತೆ ಮೊದಲಿನಿಂದ ಕಾಫಿ ಕೊಯ್ಯಬೇಕು, ಬೆಣ್ಣೆಯೆಲ್ಲ ಈ ಬಟ್ಟಲಿಗೇ ಮುಗಿದಿತ್ತು. ತಲಾಸೊ ಮೊಮ್ಮಗನತ್ತ ನೋಡಿದಳು, ಬಾಯಿ ತೆರೆದಳು, ಮುಚ್ಚಿದಳು. ಒಂದು ಹೆಸರನ್ನು ಅವಳು ಹೇಳುವ ಹಾಗಿಲ್ಲ, ಇನ್ನೊಂದನ್ನು ಇಂದು ಹೇಳಲಾರಳು.

ಜಲ್ದೆಸಾ ಸುತ್ತ ನೋಡಿದ. ಗಂಟಲು ಸರಿಮಾಡಿಕೊಂಡ. ಆಮೇಲೆ ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಉಗುಳುವ ಹಾಗೆ ಹೇಳಿದ.

"ಬಾರೋ... ಗಾಲೆ."

"ಗಾಲೆ" ಎಂದೆವು ನಾವೆಲ್ಲ, ಒಂದೇ ದನಿಯಲ್ಲಿ, ಅಭ್ಯಾಸಬಲದಿಂದ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆವು.

ಮಗು ಕುಣಿಯುತ್ತ ಓಡಿಬಂದು ಅವನ ಮಡಿಲಿಗೆ ಬಿತ್ತು. ಅವನು ಹಣೆಗೆ ಬೆಣ್ಣೆ ಹಚ್ಚಿದ. ಲೊಕೊ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಲುಕುಲು ನಗುತ್ತಿದ್ದಳು. ಗಂಡಸರಲ್ಲಿ ಯಾರೋ, "ಬಟ್ಟಲಿನ ಮೇಲೆ ಆಡಿಬಿಟ್ಟೆಯಲ್ಲೋ ಜಲ್ದೆಸಾ" ಎಂದರು. ಅವನು ಬಟ್ಟಲೆತ್ತಿ ಕಾಫಿ ಕುಡಿದ.

ತಲಾಸೊ ಎದ್ದು ಕೊಟ್ಟಿಗೆಯ ಹಿಂದಕ್ಕೆ ಹೋದಳು. ನಾನೂ ಹೋದೆ. ಅವಳಿಗೆ ಕೆಂಡಾಮಂಡಲ ಸಿಟ್ಟು ಬಂದಿತ್ತು.

"ಒಂಟೆಗೆ ಒಂದು ಮಾತು ಹೇಳಿ ಅಂತ ಎಷ್ಟು ವರ್ಷ ಬೇಡಿಕೊಂಡೆ ಅರ್ಬೆ! ಹೇಳಿದರು. ಇವತ್ತೇ ಹೇಳಬೇಕಾ? ನಮ್ಮ ಯಜಮಾನರ ಹೆಸರಿನ ಮೇಲೇ ಹೇಳಬೇಕಾ?"

"ಎರಡೂ ಇದೆಯಲ್ಲಕ್ಕಾ. ಲಿಬಾನ್ ಅಂತಲೂ ಅಂದರು."

"ಅಂದರು. ಇನ್ನು ಕರೆಯೋರು ಯಾರು? ನೀನು ಕರೀತೀಯ?"

ಕರೆಯುತ್ತೇನೆ ಎಂದೆ. ಆ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ. ಎರಡು ಮೂರು ಸಲ ಲಿಬಾನ್ ಎಂದೆ, ಮಗು ತಿರುಗಲಿಲ್ಲ, ಕೆಲಸದ ಗಡಿಬಿಡಿಯಲ್ಲಿ ಮತ್ತೆ ಗಾಲೆಯೇ ಬಾಯಿಗೆ ಬಂತು. ದಾರ್ಮಿಗೆ ಅದು ಮಾವನ ಹೆಸರು, ಅವಳೂ ಹೇಳುವಂತಿಲ್ಲ. ಗಲ್ಗಲೊಗೆ ತಂದೆಯ ಹೆಸರು ಹಿಡಿದು ಮಗನನ್ನು ಗದರಿಸಲು ಸಂಕೋಚ. ಊರಿನಲ್ಲಿ ಆ ಹೆಸರು ಕರೆಯಬೇಕೆಂದು ನಿಜವಾಗಿ ಹಂಬಲಿಸಿದವಳು ಒಬ್ಬಳೇ, ಅವಳು ಕರೆಯುವ ಹಾಗಿಲ್ಲ.

ಅವತ್ತು ಕಾಫಿ ಮುಗಿಯುವ ಹೊತ್ತಿಗೆ ರಸ್ತೆಯಲ್ಲಿ ಲಾರಿಯ ಹಾರ್ನ್ ಕೇಳಿಸಿತು. ಹೆಸರಿಡುವ ದಿನವೆಂದು ಹಾಲು ಕಾಯುತ್ತದೆಯೇ? ತಲಾಸೊ ಸೆರಗಿನಿಂದ ಮುಖ ಒರೆಸಿಕೊಂಡು ಕ್ಯಾನುಗಳನ್ನು ಎತ್ತಿಕೊಂಡಳು. ಲಾರಿ ಅಂಗಳಕ್ಕೆ ಹಿಂದಕ್ಕೆ ಬರುತ್ತಿತ್ತು. ಹಣೆಯ ತುಂಬ ಬೆಣ್ಣೆ ಬಳಿದುಕೊಂಡ ಮಗು ಅದರ ಚಕ್ರದ ಹತ್ತಿರವೇ ಆಡುತ್ತಿತ್ತು.

ತಲಾಸೊ ಒಂದು ಗಳಿಗೆ ನಿಂತಳು.

"ಗಾಲೆ" ಎಂದು ಕರೆದಳು. "ದಾರಿ ಬಿಡಪ್ಪಾ, ಬಾ ಈ ಕಡೆ."

ಮಗು ತಕ್ಷಣ ಬಂತು.